ಡೇರೆಯಲ್ಲಿ ನಾನು ಸೇರಿಸಿದ ಮಾತು

ಹೋದ ವಾರ ಚಾಮರಾಜಪೇಟೆಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದರೆ ಯಾರೋ ಆಗತಾನೇ ಮೋರಿಗೆ ಫಿನಾಯಿಲ್ ಸುರಿದು ಹೋಗಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ತೊಳೆಯದೆ ತಿರುಗಿ ಬಂದೆ. ಮುಂದಿನ ಜಗಲಿಯಲ್ಲಿ ಮನೆಯ ಹುಡುಗರು ಹಿಂದಿನ ದಿನ ನೋಡಿದ ಇಂಗ್ಲಿಷ್ ಸಿನಿಮಾದ ಕಥೆಯನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದರು. ಮುಂದೆ ಬರುವ ಕಾಲದ ಕಥೆಯಂತೆ. ಜನರೆಲ್ಲ ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು, ಸರ್ಕಾರ ಏಳು ಅಂದಾಗ ಎದ್ದು, ಮಲಗು ಅಂದಾಗ ಮಲಗುತ್ತಾರಂತೆ.

"ತಾತ, ನಿಮ್ ಕಾಲ್ದಲ್ಲಿ ಇಂಥ ಪಿಕ್ಚರ್ ಎಲ್ಲಿತ್ತು ಬಿಡಿ" ಎಂದ ಒಬ್ಬ.

ಇತ್ತು ಎಂದು ಹೇಳಬಹುದಿತ್ತು. ನಾಮಕರಣದ ಮನೆಯಲ್ಲಿ ಹೇಳುವ ಮಾತಲ್ಲ ಅದು. ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಮಹಾಯುದ್ಧ ಮುಗಿದು ಐದಾರು ವರ್ಷವಾಗಿತ್ತು. ನನಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಹಗಲೆಲ್ಲ ಸುಲ್ತಾನ್‌ಪೇಟೆಯ ಒಂದು ಅಚ್ಚುಕೂಟದಲ್ಲಿ ಕೂತು ಲಗ್ನಪತ್ರಿಕೆಗಳ ಕರಡು ತಿದ್ದುತ್ತಿದ್ದೆ. ಸಂಜೆಯಾದರೆ ಚಾಮರಾಜಪೇಟೆಯ ಅಂಚಿನ ಬಯಲಿನಲ್ಲಿದ್ದ ರುದ್ರಪ್ಪನವರ ಸಿನಿಮಾ ಡೇರೆಗೆ ಹೋಗುತ್ತಿದ್ದೆ. ಆಗ ಚಿತ್ರಗಳಿಗೆ ಮಾತಿರಲಿಲ್ಲ. ನಡುನಡುವೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಮೂಡುತ್ತಿದ್ದವು. ಪರದೆಯ ಪಕ್ಕದಲ್ಲಿ ನಿಂತು ಆ ಅಕ್ಷರಗಳನ್ನು ಓದಿ, ಯಾರು ಏನು ಹೇಳಿದರು, ಯಾಕೆ ಅತ್ತರು ಎಂಬುದನ್ನು ಕನ್ನಡದಲ್ಲಿ ಕೂಗಿ ಹೇಳುವುದು ನನ್ನ ಕೆಲಸ. ಜನ ನನ್ನನ್ನು ಕಥೆ ಮೇಷ್ಟ್ರು ಎನ್ನುತ್ತಿದ್ದರು. ನನ್ನ ಹೆಸರು ನಂಜುಂಡಯ್ಯ ಎಂದು ಗೊತ್ತಿದ್ದವರು ಕಡಮೆ.

ರುದ್ರಪ್ಪನವರು ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದವರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ವ್ಯಾಪಾರವನ್ನು ತಮ್ಮಂದಿರಿಗೆ ಬಿಟ್ಟು, ಮನೆಯವರು ಬೇಡವೆಂದರೂ ಕೇಳದೆ ಈ ಡೇರೆ ಹಾಕಿದ್ದರು. ಭಾದ್ರಪದದ ಕೊನೆಯಲ್ಲಿ, ಮಳೆ ಇನ್ನೂ ದಿನ ಬಿಟ್ಟು ದಿನ ಸುರಿಯುತ್ತಿದ್ದಾಗ, ಅವರು ಮುಂಬಯಿಯಿಂದ ಒಂದು ಯೂರೋಪಿನ ಚಿತ್ರ ತರಿಸಿದರು.

ಇನ್ನೂರು ವರ್ಷದ ಮುಂದಿನ ಒಂದು ಊರಿನ ಕಥೆ. ಮೋಡ ಮುಟ್ಟುವ ಗಾಜಿನ ಮನೆಗಳು, ಮನೆಯಿಂದ ಮನೆಗೆ ಗಾಳಿಯಲ್ಲಿ ತೂಗುವ ಸೇತುವೆಗಳು. ಆ ಊರನ್ನು ಆಳುವವರು ವೈದ್ಯರು. ಅಲ್ಲಿ ಯಾರೂ ಕಾಯಿಲೆ ಬೀಳುವಂತಿಲ್ಲ. ಅಳುವುದೂ ಒಂದು ಕಾಯಿಲೆ. ಯಾರಾದರೂ ಕೆಮ್ಮಿದರೆ, ಅತ್ತರೆ, ಮೂಗುಬಾಯಿ ಮುಚ್ಚಿಕೊಂಡ ಬಿಳಿ ನಿಲುವಂಗಿಯವರು ಬಂದು ಎತ್ತಿಕೊಂಡು ಹೋಗುತ್ತಾರೆ. ಹೋದವರು ತಿರುಗಿ ಬರುವುದಿಲ್ಲ. ದೀಪ ರಿಪೇರಿ ಮಾಡುವ ಒಬ್ಬನ ಹೆಂಡತಿ ಸತ್ತ ತಾಯಿಯನ್ನು ನೆನೆದು ಅಳುತ್ತಾಳೆ, ಅವಳನ್ನೂ ಒಯ್ಯುತ್ತಾರೆ. ಅವನು ಅವಳನ್ನು ಹುಡುಕಿಕೊಂಡು ಬಿಳಿ ಮನೆಯೊಳಗೆ ನುಗ್ಗುತ್ತಾನೆ. ಒಳಗೆ ಸಾವಿರಾರು ಜನರನ್ನು ಮದ್ದು ಕೊಟ್ಟು ಸಾಲುಸಾಲಾಗಿ ಮಲಗಿಸಿದ್ದಾರೆ. ಕೊನೆಗೆ ಅವನು ಗೋಪುರ ಹತ್ತಿ ಊರಿಗೆ ಕೇಳುವಂತೆ ಕೂಗುತ್ತಾನೆ. ಅಲ್ಲಿ ಮೂಡುವ ಅಕ್ಷರ ಇಷ್ಟೇ: ಎಲ್ಲರೂ ಏಳಿ.

ಮೊದಲ ಎರಡು ದಿನ ಜನ ನಕ್ಕರು. ಗಾಜಿನ ಮನೆಯಲ್ಲಿ ಸ್ನಾನ ಹೇಗೆ ಮಾಡ್ತಾರೋ ಎಂದು ನೆಲದ ಮೇಲೆ ಕೂತವರು ಕೂಗಿದರು. ಅಳುವುದು ರೋಗ ಎಂದಾಗಂತೂ ಡೇರೆಯೇ ಬಿದ್ದುಹೋಗುವಷ್ಟು ನಗು. ಮೂರನೆಯ ದಿನ ಆಟಕ್ಕೆ ಮುಂಚೆ ರುದ್ರಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು.

"ಮೇಷ್ಟ್ರೇ, ಜನಕ್ಕೆ ಹತ್ತುತ್ತಿಲ್ಲ ಇದು. ನೀವೇ ಏನಾದ್ರೂ ಮಾಡಿ. ಅವರಿಗೆ ಗೊತ್ತಿರೋದನ್ನ ಸೇರಿಸಿ ಹೇಳಿ."

ಗೊತ್ತಿರುವುದು ನನಗೆ ಒಂದಿತ್ತು. ಪೇಟೆಗೆ ಮೊದಲ ಸಲ ಪ್ಲೇಗು ಬಂದಾಗ ನನಗೆ ಮೂರು ವರ್ಷ. ಆಗ ನಮ್ಮ ಮನೆ ಸುಲ್ತಾನ್‌ಪೇಟೆಯಲ್ಲಿತ್ತು. ನನ್ನ ಅಕ್ಕ ಗೌರಿ ಅದೇ ಪ್ಲೇಗಿನಲ್ಲಿ ಹೋದಳು. ಅಪ್ಪನನ್ನು ಡೋಲಿಯಲ್ಲಿ ಹಾಕಿ ಊರ ಹೊರಗೆ ರೋಗಿಗಳನ್ನು ಇಡುತ್ತಿದ್ದ ಷೆಡ್ಡಿಗೆ ಒಯ್ದರು. ಅವರು ತಿರುಗಿ ಬರಲಿಲ್ಲ, ದೇಹವನ್ನೂ ಕೊಡಲಿಲ್ಲ. ಮನೆಯ ಹೆಂಚು ತೆಗೆಸಿ ಬಿಸಿಲು ಬಿಟ್ಟರು, ಪಾತ್ರೆಪಡಗವನ್ನೆಲ್ಲ ಬೀದಿಗೆ ಎಸೆದರು, ನೆಲಕ್ಕೆಲ್ಲ ಫಿನಾಯಿಲ್ ಸುರಿದರು. ನನಗೆ ಇದೊಂದೂ ನೆನಪಿಲ್ಲ. ಅಮ್ಮ ಹೇಳಿ ಹೇಳಿ ನನ್ನ ನೆನಪೇ ಎಂಬಂತಾಗಿತ್ತು.

ಆ ಸಂಜೆ ನಿಲುವಂಗಿಯವರು ಬಾಗಿಲು ಬಡಿಯುವ ದೃಶ್ಯ ಬಂದಾಗ ಗಾಜಿನ ಊರನ್ನು ಬಿಟ್ಟೆ. ಅಮ್ಮನ ಮಾತುಗಳನ್ನೇ ಹೇಳಿದೆ. ಬೂಟುಗಾಲಿನ ಸದ್ದು, ಒಲೆಯ ಮೇಲೆ ಉಕ್ಕುತ್ತಿದ್ದ ಅನ್ನ, ಡೋಲಿಯ ಬಿದಿರು ಬಾಗಿಲಿಗೆ ತಾಗಿದ ಶಬ್ದ. ನಗುತ್ತಿದ್ದವರು ಮುಂದಕ್ಕೆ ಬಾಗಿ ಕೂತರು. ಹಾರ್ಮೋನಿಯಂ ನುಡಿಸುವವನೂ ಕೈ ನಿಲ್ಲಿಸಿ ನನ್ನನ್ನೇ ನೋಡಿದ. ಕೊನೆಯಲ್ಲಿ ಗೋಪುರದ ಮೇಲಿನವನು ಬಾಯಿ ತೆರೆದಾಗ ಪರದೆಯ ಮೇಲಿನ ಅಕ್ಷರವನ್ನು ನಾನು ಓದಲಿಲ್ಲ. ನನ್ನ ಎದೆಯಿಂದ ಬಂದದ್ದನ್ನು ಕೂಗಿದೆ: "ಬಾಗಿಲು ತೆಗೀಬೇಡಿ! ಯಾರು ಬಂದ್ರೂ ಬಾಗಿಲು ತೆಗೀಬೇಡಿ!"

ಹೆಂಗಸರು ಕೂರುವ ಕಡೆಯಿಂದ ಒಂದು ಅಳು ಎದ್ದಿತು. ಮುನಿಯಮ್ಮ. ನಮ್ಮ ವಠಾರದವಳೇ. ಒಂದೇ ಅಂಗಳದ ಸುತ್ತ ಎಂಟು ಮನೆ, ನಡುವೆ ಒಂದು ಬಾವಿ. ನಮ್ಮ ಮನೆಯ ಎದುರು ಮನೆ ಅವಳದು. ತರಕಾರಿ ಮಾರುತ್ತಿದ್ದಳು. ಅವಳ ಗಂಡನನ್ನೂ ಆಮೇಲಿನ ಒಂದು ಪ್ಲೇಗಿನಲ್ಲಿ ಹೀಗೆಯೇ ಷೆಡ್ಡಿಗೆ ಒಯ್ದಿದ್ದರೆಂದು ನನಗೆ ತಿಳಿದದ್ದು ಅವತ್ತೇ. ಅವಳ ಜತೆ ಇನ್ನೂ ಅನೇಕರು ಅತ್ತರು. ಇಪ್ಪತ್ತು, ಇಪ್ಪತ್ತೈದು ವರ್ಷ ಬಾಯಿ ಬಿಡದೆ ಇದ್ದವರು ಆಟ ಮುಗಿದ ಮೇಲೂ ಡೇರೆಯ ಮುಂದೆ ನಿಂತು ತಂತಮ್ಮ ಮನೆಯ ಕಥೆ ಹೇಳಿಕೊಂಡರು.

ಮರುದಿನದಿಂದ ಡೇರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸವನಗುಡಿಯಿಂದ, ಉಪ್ಪಾರಪೇಟೆಯಿಂದ, ದೂರದ ಮಲ್ಲೇಶ್ವರದಿಂದಲೂ ಜನ ಬಂದರು. ಕೊನೆಯ ದೃಶ್ಯ ಬರುತ್ತಲೇ ನನಗಿಂತ ಮೊದಲು ಅವರೇ ಕೂಗುತ್ತಿದ್ದರು. ಬೀದಿಯಲ್ಲಿ ಹೋಗುವಾಗ ಗುರುತಿಲ್ಲದವರು ನಿಲ್ಲಿಸಿ ಕೈ ಮುಗಿಯುತ್ತಿದ್ದರು. ನನಗೆ ಅಮಲೇರಿತ್ತು, ಸುಳ್ಳು ಯಾಕೆ ಹೇಳಲಿ.

ಅಮ್ಮ ಮಾತ್ರ ಖುಷಿಪಡಲಿಲ್ಲ. ಒಂದು ಬೆಳಗ್ಗೆ ನನಗೆ ಅನ್ನ ಬಡಿಸುತ್ತ, "ನಮ್ಮನೆ ವಿಷಯಾನ ಡೇರೇಲಿ ಹೇಳ್ತಿದೀಯಂತೆ?" ಎಂದಳು.

"ಹೌದಮ್ಮ. ಜನ ಕಣ್ಣೀರಿಡ್ತಾರೆ."

"ನಿನ್ನನ್ನ ಯಾರು ಕೇಳಿದ್ರು?" ಎಂದು ಹುಳಿಯ ಸೌಟನ್ನು ಪಾತ್ರೆಗೆ ಕುಕ್ಕಿ ಎದ್ದುಹೋದಳು. ಹಳೆಯ ದುಃಖ ಕೆದಕಿದೆನೇನೋ ಎಂದುಕೊಂಡೆ, ಅಷ್ಟೆ.

ಆಶ್ವಯುಜದಲ್ಲಿ ಪೇಟೆಯ ಧಾನ್ಯದ ಮಂಡಿಗಳಲ್ಲಿ ಇಲಿ ಸತ್ತು ಬಿದ್ದವು. ಆ ಕಾಲದ ಬೆಂಗಳೂರಿನವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ಲೇಗು ಎರಡು ಮೂರು ವರ್ಷಕ್ಕೊಮ್ಮೆ ಬಂದು ಹೋಗುತ್ತಲೇ ಇತ್ತು. ಅನುಕೂಲವಿದ್ದವರು ಊರ ಹೊರಗೆ ಜೋಪಡಿ ಹಾಕಿಕೊಳ್ಳುತ್ತಿದ್ದರು. ಮಿಕ್ಕವರಿಗೆ ಸರ್ಕಾರದವರು ಬೀದಿ ಬೀದಿಗೆ ಬಂದು ಪ್ಲೇಗು ತಡೆಯುವ ಸೂಜಿ ಹಾಕುತ್ತಿದ್ದರು. ಹಿಂದಿನ ಸಲ ಗೊಣಗಿಕೊಂಡಾದರೂ ಜನ ತೋಳು ಕೊಟ್ಟಿದ್ದರು. ಈ ಸಲ ಸೂಜಿಯವರು ಪೊಲೀಸಿನವರ ಜೊತೆ ನಮ್ಮ ಬೀದಿಗೆ ಬಂದ ದಿನ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಂಡವು. ಒಳಗಿನಿಂದ ಕೂಗು ಬಂತು: "ಬಾಗಿಲು ತೆಗೀಬೇಡಿ! ಬಾಗಿಲು ತೆಗೀಬೇಡಿ!" ಯಾವುದೋ ಮಾಳಿಗೆಯಿಂದ ಕಲ್ಲು ಬಿತ್ತು. ಅಚ್ಚುಕೂಟಕ್ಕೆ ಹೊರಟಿದ್ದ ನಾನು ಬೀದಿಯ ತುದಿಯಲ್ಲಿ ನಿಂತು ನನ್ನ ಮಾತನ್ನೇ ಕೇಳಿಸಿಕೊಂಡೆ. ಹೆಮ್ಮೆಯೋ ಭಯವೋ ಗೊತ್ತಾಗಲಿಲ್ಲ. ಬೇಗ ಬೇಗ ನಡೆದುಬಿಟ್ಟೆ.

ಎರಡು ದಿನದ ಮೇಲೆ ಮಧ್ಯಾಹ್ನ ಅಚ್ಚುಕೂಟಕ್ಕೆ ಒಬ್ಬ ಯುವಕ ಬಂದ. ಕೋಟು, ಪಂಚೆ, ಮೈಸೂರು ಪೇಟದ ಕೆಳಗೆ ಹಣೆಗೆ ಬಟ್ಟೆಯ ಪಟ್ಟಿ.

"ಕಥೆ ಹೇಳೋ ನಂಜುಂಡಯ್ಯನವರು ನೀವೇನಾ?"

"ಹೌದು. ತಾವು?"

"ಭೀಮರಾವ್ ಅಂತ. ಸೂಜಿ ಹಾಕೋ ಡಾಕ್ಟ್ರು." ಹಣೆಯ ಪಟ್ಟಿ ಮುಟ್ಟಿಕೊಂಡ. "ಇದು ನಿಮ್ಮ ಬೀದೀಲಿ ಸಿಕ್ಕಿದ್ದು."

"ಕಲ್ಲು ಹೊಡೀರಿ ಅಂತ ನಾನ್ ಹೇಳಿಲ್ಲ ಡಾಕ್ಟ್ರೇ."

"ಬಾಗಿಲು ತೆಗೀಬೇಡಿ ಅಂತ ಹೇಳ್ತೀರಿ. ಆ ಪಿಕ್ಚರ್ ನಿನ್ನೆ ನಾನೂ ನೋಡ್ದೆ. ನಂಗೂ ಇಂಗ್ಲಿಷ್ ಓದೋಕೆ ಬರುತ್ತೆ. ಅಲ್ಲಿ ಆ ಮಾತಿಲ್ಲ."

ಪಕ್ಕದಲ್ಲಿ ಅಕ್ಷರ ಜೋಡಿಸುತ್ತಿದ್ದವರು ತಲೆಯೆತ್ತಿದರು. ಅಪ್ಪನ ಕಥೆಯನ್ನು ಒಂದೇ ಉಸಿರಿಗೆ ಹೇಳಿದೆ. ಆತ ಕೊನೆಯವರೆಗೂ ಕೇಳಿದ.

"ಹಾಗೆ ಮಾಡಿದ್ದು ತಪ್ಪು" ಎಂದ. "ಕೇಳದೆ ಎತ್ಕೊಂಡ್ ಹೋಗಿದ್ದು, ಹೆಣಾನೂ ಕೊಡದೆ ಇದ್ದಿದ್ದು. ಅದನ್ನ ಹೇಳ್ಬೇಡಿ ಅಂತ ನಾನು ಬಂದಿಲ್ಲ. ಆದ್ರೆ ನಾನು ಬಾಗಿಲು ತಟ್ಟೋದು ಯಾರನ್ನೂ ಹೊತ್ಕೊಂಡ್ ಹೋಗೋಕಲ್ಲ. ತೋಳು ಕೊಡ್ತೀರಾ ಅಂತ ಕೇಳೋಕೆ."

"ಕೇಳೋಕೆ ಬರೋವ್ರ ಹಿಂದೆ ಪೊಲೀಸ್ನೋರು ಯಾಕೆ ಇರ್ತಾರೆ?"

ಆತ ಪೇಟ ಸರಿಮಾಡಿಕೊಂಡ. "ಅದನ್ನ ಯೋಚ್ನೆ ಮಾಡ್ತೀನಿ. ನೀವೂ ನಿಮ್ಮದನ್ನ ಯೋಚ್ನೆ ಮಾಡಿ" ಎಂದು ಹೊರಟ. ವಾದದಲ್ಲಿ ನಾನು ಗೆದ್ದೆ ಎಂದು ಜೊತೆಯವರು ಬೆನ್ನು ತಟ್ಟಿದರು. ಆ ಮಧ್ಯಾಹ್ನ ಒಂದು ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ತಪ್ಪನ್ನೇ ತಿದ್ದದೆ ಬಿಟ್ಟಿದ್ದೆ.

ಅದೇ ವಾರ ಪ್ಲೇಗಿನ ಕೆಲಸ ನೋಡಿಕೊಳ್ಳುತ್ತಿದ್ದ ದೊಡ್ಡ ಅಧಿಕಾರಿಯೊಬ್ಬರು ಡೇರೆಗೆ ಬಂದರು. ಕುರ್ಚಿಯಲ್ಲಿ ಕೂರಲೂ ಇಲ್ಲ. ನಿಲುವಂಗಿಯವರೇ ಒಳ್ಳೆಯವರು, ದೀಪದವನಿಗೆ ಹುಚ್ಚು ಎಂದು ಕಥೆ ಹೇಳಬೇಕು. ಇಲ್ಲದಿದ್ದರೆ ದೀಪಾವಳಿ ಕಳೆದ ಸೋಮವಾರದಿಂದ ಡೇರೆ ಮುಚ್ಚಬೇಕು ಎಂದು ಅಪ್ಪಣೆ ಮಾಡಿ ಹೋದರು. ರುದ್ರಪ್ಪನವರು ಕಂಬಕ್ಕೆ ಒರಗಿ ನಿಂತುಬಿಟ್ಟರು.

"ಹಾಗೆ ಹೇಳಕ್ಕಾಗುತ್ತಾ ಮೇಷ್ಟ್ರೇ?"

"ಪ್ರಾಣ ಹೋದ್ರೂ ಹೇಳಲ್ಲ" ಎಂದೆ.

"ನಂಗೊತ್ತಿತ್ತು" ಎಂದರು. ಅವರ ದನಿಯಲ್ಲಿ ಮೆಚ್ಚುಗೆಯೂ ಇತ್ತು, ದಿಗಿಲೂ ಇತ್ತು.

ಮುನಿಯಮ್ಮನ ಮಗಳು ರತ್ನ ಮೊದಲ ದೀಪಾವಳಿಗೆ ತವರಿಗೆ ಬಂದಿದ್ದಳು. ಮಲ್ಲೇಶ್ವರದ ಕಡೆ ತೋಟದ ಕೆಲಸದವನಿಗೆ ಕೊಟ್ಟಿದ್ದರು. ಹತ್ತೊಂಬತ್ತರ ಹುಡುಗಿ, ಬಾಯಿ ಬಹಳ ಜೋರು. ಬಾವಿಕಟ್ಟೆಯ ಮೇಲೆ ನಿಂತು, ಸೆರಗನ್ನು ಉತ್ತರೀಯದಂತೆ ಹೆಗಲಿಗೆ ಹಾಕಿ, ನಾನು ಕಥೆ ಹೇಳುವುದನ್ನು ಅಣಕಿಸುತ್ತಿದ್ದಳು. "ಕೇಳ್ರಪ್ಪೋ ಕೇಳ್ರಿ" ಎಂದು ಅವಳು ನನ್ನ ಹಾಗೆಯೇ ಮೂಗಿನಲ್ಲಿ ರಾಗ ಎಳೆದರೆ ನನ್ನ ಅಮ್ಮನೂ ನಗುತ್ತಿದ್ದಳು. ನನ್ನ ಹೆಂಡತಿ ಹೆರಿಗೆಗೆಂದು ತುಮಕೂರಿನ ತವರಿನಲ್ಲಿದ್ದಳು. ಆ ದಿನಗಳಲ್ಲಿ ಅಮ್ಮನಿಗೆ ರತ್ನನೇ ಜೊತೆ.

ಬಲಿಪಾಡ್ಯಮಿಯ ಮರುದಿನ ರತ್ನ ಬಾವಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮುನಿಯಮ್ಮ ತರಕಾರಿ ಬುಟ್ಟಿ ಎತ್ತಿರಲಿಲ್ಲ. ನಾನು ಅಚ್ಚುಕೂಟಕ್ಕೆ ಹೊರಟಾಗ ಅವಳು ಅರ್ಧ ತೆರೆದ ಬಾಗಿಲಿನಿಂದ ಸನ್ನೆ ಮಾಡಿ ಕರೆದಳು.

"ಮೇಷ್ಟ್ರೇ, ರತ್ನಂಗೆ ಜ್ವರ. ಗಡ್ಡೆಗಿಡ್ಡೆ ಏನಿಲ್ಲ, ಬರೀ ಜ್ವರ." ಅವಳ ಕಣ್ಣು ಬೇರೆ ಹೇಳುತ್ತಿತ್ತು. "ಗೊತ್ತಾದ್ರೆ ಎತ್ಕೊಂಡ್ ಹೋಗ್ಬಿಡ್ತಾರೆ. ಅವರಪ್ಪನ್ನ ಕಳ್ಕೊಂಡಂಗೆ ಇವಳನ್ನ ಕಳ್ಕೊಳಾಕಾಗಲ್ಲ ನಂಗೆ. ನಿಮ್ ಕಾಲಿಗೆ ಬೀಳ್ತೀನಿ, ಯಾರ್ಗೂ ಹೇಳ್ಬೇಡಿ."

"ಹೇಳಲ್ಲ ಮುನಿಯಮ್ಮ" ಎಂದೆ.

ಎರಡು ದಿನ ಮಾತು ಉಳಿಸಿಕೊಂಡೆ. ಆ ಎರಡು ದಿನ ಚಳಿಗಾಲದ ಮಂಜು ಅಂಗಳದಲ್ಲಿ ಬಿಸಿಲೇರುವವರೆಗೂ ನಿಂತಿರುತ್ತಿತ್ತು. ಎದುರು ಮನೆಯಿಂದ ನರಳಾಟ ಕೇಳುತ್ತಿತ್ತು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಎಲ್ಲರಿಗೂ ತಿಳಿದಿತ್ತು. ಎಲ್ಲರೂ ಅದೇ ಬಾವಿಯ ನೀರು ಸೇದುತ್ತಿದ್ದೆವು, ಮಕ್ಕಳು ಅದೇ ಅಂಗಳದಲ್ಲಿ ಗೋಲಿಯಾಡುತ್ತಿದ್ದರು. ಸಂಜೆ ಡೇರೆಯಲ್ಲಿ ನಿಂತು ಆ ಮಾತನ್ನು ಕೂಗುವಾಗ ಮಾತ್ರ ಹೆಂಗಸರು ಕೂರುವ ಕಡೆ ನೋಡುತ್ತಿರಲಿಲ್ಲ.

ಮೂರನೆಯ ಬೆಳಗ್ಗೆ ನಮ್ಮ ಅಡಿಗೆಮನೆಯ ಒರಳುಕಲ್ಲಿನ ಹತ್ತಿರ ಒಂದು ಇಲಿ ಕುಡಿದವರಂತೆ ತೂರಾಡುತ್ತ ಬಂದು, ಸುತ್ತು ಹಾಕಿ, ಬಿದ್ದು ಸತ್ತಿತು. ಅಮ್ಮ ದೂರ ನಿಂತು ನೋಡುತ್ತಿದ್ದಳು. ನಾನು ಅದನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲ ಬಾಗಿಲಿನತ್ತ ಹೊರಟೆ.

"ಎಲ್ಲಿಗೆ?" ಎಂದಳು.

"ಸುಟ್ಟುಹಾಕ್ತೀನಿ. ಯಾರಿಗೂ ಗೊತ್ತಾಗೋದು ಬೇಡ."

"ನಂಜುಂಡ, ಕೂತ್ಕೋ."

ಅವಳ ದನಿಗೆ ಇಕ್ಕಳ ಕೆಳಗಿಟ್ಟು ಕೂತೆ.

"ಅವತ್ತು ಬಾಗಿಲು ತೆಗೆದೋರು ಯಾರು ಗೊತ್ತಾ?"

"ಒಡ್ಕೊಂಡ್ ಬಂದ್ರು ಅಂತ ನೀನೇ ಹೇಳಿದ್ದೆ."

"ಒಡೀಲಿಲ್ಲ ಕಣೋ. ತೆಗೆದಿದ್ದು ನಾನು. ಕರೆಸಿದ್ದೂ ನಾನೇ." ಅಮ್ಮ ಅಳಲಿಲ್ಲ. ಒಲೆಯ ಕಡೆ ಮುಖ ಮಾಡಿಕೊಂಡು ಹೇಳಿದಳು. "ನಿಮ್ಮಪ್ಪಂಗೆ ಗಡ್ಡೆ ಎದ್ದಿತ್ತು. ನಾಲ್ಕು ದಿನ ಒಳಗೆ ಬಚ್ಚಿಟ್ಟೆ. ಇದ್ದಿದ್ದು ಒಂದೇ ಕೋಣೆ. ಗೌರಿ ಅವರ ಪಕ್ಕದಲ್ಲೇ ಮಲಗ್ತಿದ್ಲು, ಅಪ್ಪ ಅಂದ್ರೆ ಅಷ್ಟು ಪ್ರಾಣ ಅವಳಿಗೆ. ಐದನೇ ದಿನ ಅವಳು ಹೋದ್ಲು. ಇನ್ನು ನೀನೊಬ್ಬನೇ ಉಳಿದಿದ್ದೆ. ನಾನೇ ಚಾವಡಿಗೆ ಹೇಳಿ ಕಳಿಸ್ದೆ. ಡೋಲಿಗೆ ಎತ್ತಿದಾಗ ಅವರಿಗೆ ಎಚ್ಚರ ಇತ್ತು. ನನ್ನ ಮುಖಾನೇ ನೋಡ್ತಿದ್ರು."

ನಾನು ಇಕ್ಕಳವನ್ನು ದೂರ ತಳ್ಳಿದೆ.

"ಒಡ್ಕೊಂಡ್ ಬಂದ್ರು ಅಂತ ಎಲ್ಲರಿಗೂ ಹೇಳ್ದೆ. ನಿಂಗೂ ಅದನ್ನೇ ಹೇಳ್ದೆ. ಬೇರೆ ಹೇಗೆ ಬದುಕ್ಲಿ? ನೀನು ಅದನ್ನ ತಗೊಂಡು ಹೋಗಿ ಊರಿಗೆಲ್ಲ ಕೂಗ್ದೆ."

ಅಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳ ದಾಟಿ ಮುನಿಯಮ್ಮನ ಬಾಗಿಲು ತಟ್ಟಿದಳು. ಒಳಗಿನಿಂದ ಸದ್ದಿಲ್ಲ. ವಠಾರದವರೆಲ್ಲ ಹೊಸ್ತಿಲಲ್ಲಿ ಬಂದು ನಿಂತರು.

"ಮುನಿಯಮ್ಮ, ನಾನು, ಪಾರ್ವತಮ್ಮ. ಬಾಗಿಲು ತೆಗಿ ತಾಯಿ. ಯಾರೂ ಅವಳನ್ನ ಎತ್ಕೊಂಡ್ ಹೋಗಲ್ಲ. ನಾನು ಇಲ್ಲೇ ಕೂತಿರ್ತೀನಿ."

ಬಹಳ ಹೊತ್ತಾದ ಮೇಲೆ ಅಗುಳಿ ಸರಿದ ಸದ್ದಾಯಿತು. ಅಮ್ಮ ನನ್ನ ಕಡೆ ತಿರುಗಿ, "ಹೋಗು, ಆ ಡಾಕ್ಟ್ರನ್ನ ಕರ್ಕೊಂಡ್ ಬಾ. ಅವರೊಬ್ಬರನ್ನೇ" ಎಂದಳು.

ಓಡಿದೆ. ಚಪ್ಪಲಿ ಹಾಕಿಕೊಂಡಿರಲಿಲ್ಲ. ಸೂಜಿ ಹಾಕುವ ಠಾಣ್ಯದಲ್ಲಿ ಭೀಮರಾಯರು ಖಾಲಿ ಬೆಂಚಿನ ಮೇಲೆ ಕೂತಿದ್ದರು. ಸೂಜಿ ಹಾಕಿಸಿಕೊಳ್ಳಲು ಒಬ್ಬರೂ ಬಂದಿರಲಿಲ್ಲ. ನನ್ನ ಮುಖ ನೋಡಿ ಏನೂ ಕೇಳದೆ ಪೆಟ್ಟಿಗೆ ಎತ್ತಿಕೊಂಡರು. ಇಬ್ಬರೂ ಜಟಕಾ ಹತ್ತಿ ಬಂದೆವು.

ರತ್ನ ಚಾಪೆಯ ಮೇಲಿದ್ದಳು. ಕಣ್ಣು ಕೆಂಡದಂತೆ ಕೆಂಪಾಗಿತ್ತು. ನನ್ನನ್ನು ಕಂಡು ಏನೋ ಹೇಳಲು ಹೋದಳು, ನಾಲಿಗೆ ಹೊರಳಲಿಲ್ಲ. ಭೀಮರಾಯರು ನಾಡಿ ಹಿಡಿದು ನೋಡಿದರು, ತೊಡೆಯ ಸಂದಿಯ ಗಡ್ಡೆ ನೋಡಿದರು, ಮುನಿಯಮ್ಮನ ಮುಂದೆ ನೆಲದ ಮೇಲೆ ಕೂತರು.

"ಈಗ ಇವಳನ್ನ ಎಲ್ಲಿಗೂ ಸಾಗಿಸಲ್ಲಮ್ಮ. ನೀವು ಇವಳ ಹತ್ರಾನೇ ಇರಿ."

ಮಧ್ಯಾಹ್ನದ ಹೊತ್ತಿಗೆ ರತ್ನ ಹೋದಳು.

ಮುನಿಯಮ್ಮ ಗೋಡೆಗೆ ಒರಗಿ ಕೂತಿದ್ದವಳು ಕೇಳಿದಳು: "ಎರಡು ದಿನ ಮುಂಚೆ ನಿಮ್ಮನ್ನ ಕರ್ಕೊಂಡ್ ಬಂದಿದ್ರೆ ಉಳೀತಿದ್ಲಾ ಡಾಕ್ಟ್ರೇ?"

"ಗೊತ್ತಿಲ್ಲಮ್ಮ. ಕೆಲವರು ಉಳೀತಾರೆ."

ಅವಳು ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. "ನಾನು ತಾಯಿ, ನಂಗೆ ಬುದ್ಧಿ ಇರ್ಲಿಲ್ಲ. ನೀವು ಓದಿದೋರು. ನೀವಾದ್ರೂ ಹೇಳ್ಬಾರ್ದಿತ್ತಾ?"

ನಾನು ಹೊಸ್ತಿಲು ಬಿಟ್ಟು ಅಂಗಳಕ್ಕೆ ಇಳಿದೆ.

ಅಧಿಕಾರಿಯ ಕಡೆಯವರು ದೇಹವನ್ನು ಗಾಡಿಯಲ್ಲಿ ಒಯ್ಯಲು ಬಂದರು. ಭೀಮರಾಯರು ವಠಾರದ ಹೆಬ್ಬಾಗಿಲಿನಲ್ಲಿ ಅಡ್ಡ ನಿಂತರು. ಏನು ವಾದವಾಯಿತೋ ಪೂರ್ತಿ ಕೇಳಿಸಲಿಲ್ಲ; "ನನ್ನ ಮೇಲೆ ಬರ್ಕೊಳ್ಳಿ" ಎಂದದ್ದು ಮಾತ್ರ ಕೇಳಿಸಿತು. ರತ್ನನ ಗಂಡ ಮಲ್ಲೇಶ್ವರದಿಂದ ಬರುವವರೆಗೆ ಗಾಡಿ ಬೀದಿಯಲ್ಲೇ ನಿಂತಿತ್ತು. ಅವಳ ಮನೆಯವರೇ ಅವಳನ್ನು ಹೊತ್ತರು. ವಠಾರದ ಎಂಟು ಮನೆಯವರೂ ಅವತ್ತೇ ಪಾತ್ರೆ ಚಾಪೆ ಕಟ್ಟಿಕೊಂಡು ಬಸವನಗುಡಿಯಾಚೆಯ ಬಯಲಿಗೆ ಹೋಗಿ ತಡಿಕೆಯ ಜೋಪಡಿ ಹಾಕಿಕೊಂಡೆವು. ಹೋಗುವ ಮುನ್ನ ಅಮ್ಮನೂ ನಾನೂ ಭೀಮರಾಯರ ಮುಂದೆ ತೋಳು ಚಾಚಿ ಸೂಜಿ ಹಾಕಿಸಿಕೊಂಡೆವು.

ಆ ಸಂಜೆ ಶನಿವಾರ. ಸೋಮವಾರದಿಂದ ಡೇರೆ ಮುಚ್ಚಬೇಕಾಗಿತ್ತಾದ್ದರಿಂದ ಜನ ಇರುವೆಯಂತೆ ಮುತ್ತಿದ್ದರು. ಆಟಕ್ಕೆ ಮೊದಲು ರುದ್ರಪ್ಪನವರಿಗೆ ನಡೆದದ್ದನ್ನು ಹೇಳಿದೆ. "ಇವತ್ತು ನಾನು ಏನು ಹೇಳಿದ್ರೂ ಯಂತ್ರದ ದೀಪ ಆರಿಸ್ಬೇಡಿ" ಎಂದೆ. ಅವರು ನನ್ನ ಊದಿದ ತೋಳನ್ನು ನೋಡಿ ತಲೆಯಾಡಿಸಿದರು.

ಕೊನೆಯ ದೃಶ್ಯ ಬಂತು. ಜನ ಕೂಗಲು ಉಸಿರೆಳೆದುಕೊಂಡರು. ನಾನು ಎರಡು ಕೈಯೂ ಎತ್ತಿ ಪರದೆಯ ಮುಂದೆ ಬಂದೆ. ದೀಪದವನ ಮುಖ ನನ್ನ ಅಂಗಿಯ ಮೇಲೆ ಬಿದ್ದು ಅಲುಗಾಡುತ್ತಿತ್ತು.

"ಈ ಮಾತು ಪಿಕ್ಚರ್‌ನಲ್ಲಿಲ್ಲ" ಎಂದು ಕೂಗಿದೆ. "ನಾನು ಸೇರಿಸಿದ್ದು. ಅಲ್ಲಿರೋದು ಎಲ್ಲರೂ ಏಳಿ ಅಂತ. ನಮ್ಮಪ್ಪನ್ನ ಒಯ್ದಿದ್ದು ನಿಜ, ಹೆಣ ಕೊಡದೆ ಇದ್ದಿದ್ದು ನಿಜ. ಆದ್ರೆ ಬಾಗಿಲು ಒಡೆದ್ರು ಅನ್ನೋದು ನಿಜ ಅಲ್ಲ. ನಾಲ್ಕು ದಿನ ಮುಚ್ಚಿದ್ದ ಬಾಗಿಲು ಅದು. ಐದನೇ ದಿನ ನನ್ನ ಅಕ್ಕ ಸತ್ತಳು. ಇವತ್ತು ನಮ್ಮ ವಠಾರದಲ್ಲಿ ಇನ್ನೊಂದು ಮುಚ್ಚಿದ ಬಾಗಿಲ ಹಿಂದೆ ಇನ್ನೊಂದು ಹೆಣ್ಣುಮಗಳು ಸತ್ತಳು. ನಂಗೆ ಗೊತ್ತಿತ್ತು, ನಾನು ಸುಮ್ಮನಿದ್ದೆ."

"ಸರ್ಕಾರದೋರು ಎಷ್ಟು ಕೊಟ್ರೋ?" ಎಂದು ಬೆಂಚಿನಿಂದ ಒಬ್ಬ ಕೂಗಿದ. ಎಲ್ಲಿಂದಲೋ ತೂರಿಬಂದ ಮಣ್ಣಿನ ಕುಡಿಕೆ ನನ್ನ ಎದೆಗೆ ಬಡಿದು ಒಡೆಯಿತು. ಜನ ಎದ್ದರು. ಕೆಲವರು ನನ್ನತ್ತ ನುಗ್ಗಿದರು. ರುದ್ರಪ್ಪನವರು ತಮ್ಮ ದೊಡ್ಡ ಮೈಯನ್ನು ನನಗೆ ಅಡ್ಡ ಇಟ್ಟು, "ಹೊಡೆಯೋದಾದ್ರೆ ಮೊದ್ಲು ನಂಗೆ ಹೊಡೀರಿ" ಎಂದರು. ಅಂಗಿಯ ತೋಳು ಮೇಲೆ ಸರಿಸಿ ಬಾವು ತೋರಿಸಿದೆ. "ಇದರಿಂದ ಎರಡು ದಿನ ಜ್ವರ ಬರುತ್ತಂತೆ. ನಾನು ಸತ್ರೆ, ಸೂಜಿ ಕೊಲ್ಲುತ್ತೆ ಅನ್ನೋ ನಿಮ್ಮ ಮಾತು ನಿಜ. ಬದುಕಿದ್ರೆ ಬಂದು ನೋಡಿ." ಡೇರೆ ಅರ್ಧ ಖಾಲಿಯಾಯಿತು. ಉಳಿದವರು ಯಾಕೆ ಉಳಿದರೋ, ಪರದೆ ಬೆಳ್ಳಗಾದ ಮೇಲೂ ಕೂತೇ ಇದ್ದರು.

ಆಮೇಲೆ ಎಷ್ಟೋ ಸಿನಿಮಾ ನೋಡಿದೆ, ಮುಂದಿನ ಕಾಲದ ಕಥೆಗಳನ್ನೂ ನೋಡಿದೆ. ಅವುಗಳಲ್ಲಿ ಹೆದರಿಸುವುದೆಲ್ಲ ನಮ್ಮಲ್ಲಿ ಯಾರಿಗೋ ಆಗಲೇ ಆಗಿಹೋದದ್ದು. ಹೆದರಬೇಡಿ ಎಂದು ನಾನು ಹೇಳುವುದಿಲ್ಲ. ಅಂಥ ಅಧಿಕಾರಿಗಳನ್ನು ಕಣ್ಣಾರೆ ಕಂಡಿದ್ದೇನೆ. ಹೆದರಿದವರ ಮುಂದೆ ನಿಂತು ಅರ್ಧ ಮಾತು ಹೇಳುವವನಿಗೆ ಎಷ್ಟು ಬಲವಿರುತ್ತದೆ ಎಂಬುದನ್ನೂ ಕಂಡಿದ್ದೇನೆ, ಆ ಮನುಷ್ಯ ನಾನೇ ಆಗಿದ್ದರಿಂದ.

ಭಾನುವಾರವೂ ಸೋಮವಾರವೂ ಜ್ವರದಲ್ಲಿ ಮಲಗಿದ್ದೆ. ಮಂಗಳವಾರ ಬೆಳಗ್ಗೆ ಜ್ವರ ಇಳಿದು ಜೋಪಡಿಯಿಂದ ಹೊರಗೆ ಬಂದರೆ, ಬಯಲಿನ ಹುಣಸೆಮರದ ಕೆಳಗೆ ಭೀಮರಾಯರು ಮೇಜು ಹಾಕಿಕೊಂಡು ಕೂತಿದ್ದರು. ಪೊಲೀಸಿನವರು ಒಬ್ಬರೂ ಇರಲಿಲ್ಲ. ರುದ್ರಪ್ಪನವರು ಮುಚ್ಚಿದ ಡೇರೆಯ ಬೆಂಚುಗಳನ್ನು ಗಾಡಿಯಲ್ಲಿ ಹೇರಿಸಿ ತಂದು ಹಾಕಿಸಿದ್ದರು. ಅವುಗಳ ಮೇಲೆ ಜನ ಕೂತಿದ್ದರು. ಬಹಳ ಜನರಲ್ಲ. ಬಂದವರಲ್ಲಿ ಕೆಲವರು ಮೊದಲು ನನ್ನ ಹತ್ತಿರ ಬಂದು, ನಾನು ನಿಜವಾಗಿ ಬದುಕಿದ್ದೇನೆಯೇ ಎಂದು ಮುಟ್ಟಿ ನೋಡಿಕೊಂಡು ಹೋದರು. ಎಷ್ಟೋ ಮನೆಗಳ ಬಾಗಿಲು ಆ ವರ್ಷ ತೆರೆಯಲೇ ಇಲ್ಲ. ಸಂಕ್ರಾಂತಿಯವರೆಗೂ ನಮ್ಮ ಪೇಟೆಯಿಂದ ಹೆಣಗಳು ಹೋಗುತ್ತಲೇ ಇದ್ದವು. ಅದರಲ್ಲಿ ನನ್ನ ಪಾಲು ಎಷ್ಟು ಎಂದು ಲೆಕ್ಕ ಹಾಕಲು ನನಗೆ ಧೈರ್ಯವಾಗಲಿಲ್ಲ.

ಆ ಮಂಗಳವಾರ ಸಾಲಿನ ಕೊನೆಯಲ್ಲಿ ಮುನಿಯಮ್ಮ ನಿಂತಿದ್ದಳು. ಅಮ್ಮ ಅವಳ ಕೈ ಹಿಡಿದುಕೊಂಡಿದ್ದಳು. ನಾನು ಇದ್ದ ಕಡೆ ಅವಳು ನೋಡಲಿಲ್ಲ. ಆಮೇಲೆ ಬದುಕಿದ್ದಷ್ಟು ದಿನವೂ ನನ್ನೊಡನೆ ಮಾತಾ‌ಡಲಿಲ್ಲ. ಅವಳ ಸರದಿ ಬಂದಾಗ ಭೀಮರಾಯರು ಲೇಖನಿ ಅದ್ದಿ ಹೆಸರು ಕೇಳಿದರು.

"ಮುನಿಯಮ್ಮ."

ಬರೆದುಕೊಂಡರು. ಸೂಜಿ ಹಾಕಿಸಿಕೊಂಡ ಮೇಲೂ ಅವಳು ಕದಲಲಿಲ್ಲ.

"ಆಯ್ತಮ್ಮ, ನೀವು ಹೋಗ್ಬಹುದು" ಎಂದರು.

"ನನ್ ಮಗಳ ಹೆಸರೂ ಬರ್ಕೊಳ್ಳಿ" ಎಂದಳು. "ರತ್ನ."

ಅದು ಸೂಜಿ ಹಾಕಿಸಿಕೊಂಡವರ ಪಟ್ಟಿ. ಭೀಮರಾಯರು ಅವಳ ಮುಖ ನೋಡಿದರು, ಅಮ್ಮನ ಮುಖ ನೋಡಿದರು. ಲೇಖನಿಯನ್ನು ಮತ್ತೊಮ್ಮೆ ಶಾಯಿಗೆ ಅದ್ದಿ ಮೆಲ್ಲಗೆ ಬರೆದರು.

"ಓದಿ" ಎಂದಳು ಮುನಿಯಮ್ಮ.

ಅವರು ಎದ್ದು ನಿಂತು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಆ ಹೆಸರನ್ನು ಓದಿದರು. ಅವಳು ಸೆರಗಿನಿಂದ ತೋಳು ಒತ್ತಿಕೊಂಡು ಜೋಪಡಿಯ ಕಡೆ ನಡೆದಳು.